ತೊಟ್ಟಿಲು ತುಂಬಿ ಹೊಳೆ ದಾಟಿದ್ದು

ರಸ್ತೆಗೆ ಡಾಂಬರು ಹಾಕುವವರು ಬಂದರೆ ಓಣಿಯವರೆಲ್ಲ ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಕಟ್ಟೆಯ ಮೇಲೆ ಕೂತು ಎದೆ ತುಂಬ ಎಳೆದುಕೊಳ್ಳುತ್ತೇನೆ. ಮುದುಕಿಗೆ ತಲೆ ಕೆಟ್ಟಿದೆ ಅನ್ನುವವರು ಅನ್ನಲಿ. ನಮ್ಮಪ್ಪನ ಜೋಡುದೋಣಿಗೆ ಇದೇ ವಾಸನೆ ಇತ್ತು. ಮಳೆಗಾಲಕ್ಕೆ ಮೊದಲು ದೋಣಿಗಳನ್ನು ದಡದಲ್ಲಿ ಬೋರಲು ಹಾಕಿ, ಡಬ್ಬಿಯಲ್ಲಿ ಡಾಂಬರು ಕುದಿಸಿ, ಹಲಗೆಯ ಸಂದಿಗೆಲ್ಲ ಬಳಿಯುತ್ತಿದ್ದ. ಆ ದಿನಗಳಲ್ಲಿ ಅವನು ಮುರಿದುಕೊಟ್ಟ ರೊಟ್ಟಿಯೂ ಡಾಂಬರು ನಾರುತ್ತಿತ್ತು. ತಿನ್ನುತ್ತಿದ್ದೆವು, ಏನೂ ಆಗಲಿಲ್ಲ.

ಕಲಘಟಗಿ ಕಡೆಯ ನಮ್ಮ ಬೇಡ್ತಿ ಹೊಳೆಗೆ ಆಗ ಸೇತುವೆ ಇರಲಿಲ್ಲ. ಬೇಸಿಗೆಯಲ್ಲಿ ಮೊಣಕಾಲುದ್ದ ನೀರು, ನಡೆದೇ ದಾಟುವುದು. ಮಳೆ ಬಿತ್ತೆಂದರೆ ಅಪ್ಪನೇ ದಾರಿ. ಅಜ್ಜನ ಕಾಲಕ್ಕೆ ಬರೀ ಒಂದು ದುಂಡನೆಯ ಹರಿಗೋಲು ಇತ್ತಂತೆ. ಮಂದಿ, ಕುರಿ, ಕಾಳಿನ ಚೀಲ, ಅಷ್ಟೇ. ಕಬ್ಬು ಬೆಳೆಯುವವರು ಹೆಚ್ಚಾದಂತೆ ಚಕ್ಕಡಿಗಳೂ ಹೆಚ್ಚಾದವು. ಆಗ ಅಪ್ಪ ಎರಡು ದೋಣಿಗಳನ್ನು ಬಾಜುಬಾಜು ಕಟ್ಟಿ ಮೇಲೆ ಹಲಗೆ ಹೊಡೆದ. ಎತ್ತು ಬಿಚ್ಚಿದ ಚಕ್ಕಡಿ, ಸೈಕಲ್ಲು, ಒಂದು ಸಲ ಜೀಪು ಕೂಡ ಅದರ ಮೇಲೆ ದಾಟಿತು. ಜೀಪಿನ ಸಾಹೇಬರು ದಡ ಬರುವತನಕ ಕಣ್ಣು ಮುಚ್ಚಿ ಕೂತಿದ್ದರು. ಅವ್ವ ಅದನ್ನು ವರ್ಷಗಟ್ಟಲೆ ಆಡಿ ತೋರಿಸಿ ನಮ್ಮನ್ನು ನಗಿಸಿದಳು.

ಎಪ್ಪತ್ತರ ದಶಕದ ಯಾವುದೋ ಶ್ರಾವಣ. ನನ್ನ ಮುಂದಿನ ಹಲ್ಲು ಬಿದ್ದಿದ್ದವು. ಅಕ್ಕ ಬಾಣಂತನಕ್ಕೆ ನಮ್ಮಲ್ಲಿದ್ದಳು. ಅವಳ ಮೊದಲ ಕೂಸು ತಿಂಗಳು ತುಂಬುವುದರೊಳಗೆ ಹೋಗಿತ್ತು. ಎರಡನೆಯದು ಹೆಣ್ಣು, ಓಣಿಗೆಲ್ಲ ಕೇಳುವಂತೆ ಅಳುತ್ತಿತ್ತು. ಅದನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ, ಸೋದರಮಾವ ಕಲಘಟಗಿಯಿಂದ ಬಣ್ಣದ ತೊಟ್ಟಿಲು ತರಲು ಚಕ್ಕಡಿ ಹೂಡಿದ, ನಾನೂ ಹತ್ತಿದೆ. ತಿರುಗಿ ಬರುವಾಗ ಹೊಳೆ ಕೆಂಪಗೆ ಏರುತ್ತಿತ್ತು. ಮನೆ ಆಚೆ ದಡದಲ್ಲಿ. ನೀರು ಇನ್ನೊಂದಿಷ್ಟು ಏರಿದ್ದರೆ ಅಪ್ಪ ದೋಣಿ ಬಿಡುತ್ತಲೇ ಇರಲಿಲ್ಲ.

ಚಕ್ಕಡಿ ದೋಣಿ ಹತ್ತಿತು. ದೋಣಿ ನೂಕುವ ಗಳ ಹಿಡಿದಿದ್ದ ಅಪ್ಪ ತೊಟ್ಟಿಲು ನೋಡಿ ನಿಂತುಬಿಟ್ಟ.

"ಖಾಲಿ ಐತೇನೋ?"

"ಮತ್ತ ಅಂಗಡ್ಯಾಗ ಕೂಸು ಹಾಕಿ ಮಾರತಾರೇನು?" ಎಂದ ಮಾವ.

"ಹಂಗಾರ ಇಳಸು. ದ್ವಾಣಿ ತೂಗತೈತಿ, ಅದರ ಮ್ಯಾಲಿನ ತೊಟ್ಟಿಲು ಸುಮ್ನ ಇರತೈತೇನು? ಖಾಲಿ ತೊಟ್ಟಿಲಾ ತೂಗಾಂವ ನಾ ಅಲ್ಲ."

ಖಾಲಿ ತೊಟ್ಟಿಲು ತೂಗಿದರೆ ಕೂಸಿಗೆ ಕೇಡು ಎಂದು ನಮ್ಮ ಕಡೆ ಹೆದರಿಕೆ. ಮೊದಲನೆಯ ಕೂಸನ್ನು ಮಣ್ಣು ಮಾಡಿ ಬಂದವನು ಅಪ್ಪನೇ. ಅದು ದೋಣಿಯಲ್ಲಿದ್ದವರಿಗೆಲ್ಲ ಗೊತ್ತಿತ್ತು. ಒಬ್ಬರೂ ನಗಲಿಲ್ಲ.

"ಒಂದು ಕಲ್ಲರ ಇಟ್ಟು ಹೋಗೂಣು," ಎಂದ ಮಾವ.

ನಮ್ಮ ಹಿತ್ತಲಮನೆಯ ಗೌರವ್ವ ಬುಟ್ಟಿ ಇಟ್ಟು ಎದ್ದಳು. "ಕಲ್ಲ ಹಡದಾಳೇನೋ ನಿಮ್ಮಕ್ಕನ ಮಗಳು? ಇಲ್ಲೇ ನಿಂತೈತಲ್ಲ ಹಲ್ಲಿಲ್ಲದ ಕೂಸು!" ಎಂದವಳೇ ನನ್ನನ್ನು ಎತ್ತಿ ಒಳಗೆ ಹಾಕಿದಳು.

ಮೊಣಕಾಲು ಎದೆಗೆ ಒತ್ತಿಕೊಂಡು ಮಲಗಿದೆ. ಹೊಸ ಬಣ್ಣದ ವಾಸನೆ, ಕೆಳಗಿನಿಂದ ಡಾಂಬರಿನ ವಾಸನೆ, ತೊಟ್ಟಿಲ ಪಟ್ಟಿಯ ಮೇಲೆ ಹಸಿರು ಗಿಣಿಗಳು, ಗಿಣಿಗಳ ಮೇಲೆ ಮೋಡ. ಅಂಥ ಸುಖ ನನಗೆ ನನ್ನ ಮದುವೆಯಲ್ಲೂ ಸಿಗಲಿಲ್ಲ. ಗೌರವ್ವ ಜೋಗುಳ ಎತ್ತಿದಳು, ಆಗಿಂದಾಗ ಕಟ್ಟಿದ್ದು. ಬೆಲ್ಲ ಕದ್ದು ತಿನ್ನುವ ಕೂಸೇ, ಹೇನಿನ ತಲೆಯ ಕೂಸೇ ಎಂದು ನನ್ನ ಮಾನ ಹರಾಜಿಗಿಟ್ಟಳು. ಎಲ್ಲರೂ ಜೋ ಜೋ ಎಂದು ದನಿಗೂಡಿಸಿದರು. ನಡುಹೊಳೆಯಲ್ಲಿ ಸೆಳವು ಹೊಡೆದು ದೋಣಿ ಅಡ್ಡ ತಿರುಗಿತು. ಹಾಡು ನಿಂತಿತು.

"ಹಾಡರಿ! ಯಾಕ ನಿಂತ್ರಿ? ಕೂಸು ಎದ್ದೀತು!" ಅಪ್ಪ ಗಳದ ಮೇಲೆ ಮೈಯೆಲ್ಲ ಹೇರಿ ಒದರಿದ.

ನಾನು ಕಣ್ಣು ಮುಚ್ಚಿದೆ. ನಿದ್ದೆ ಬಂದವಳ ಹಾಗೆ ಮಲಗಿದರೆ ದೋಣಿ ನೆಟ್ಟಗಾಗುತ್ತದೆ ಎಂದುಕೊಂಡೆ. ನೆಟ್ಟಗಾಯಿತು.

ದಡ ಮುಟ್ಟಿದರೂ ನನ್ನನ್ನು ಇಳಿಸಲಿಲ್ಲ, ಮನೆತನಕ ಹಾಗೇ ಒಯ್ದರು. ಅಕ್ಕ ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಇಣುಕಿ ನೋಡಿ, "ಅಯ್ಯ, ಈ ಕೂಸಿನ ಕಾಲು ಹೊರಗ ಬಂದಾವಲ್ಲಬೇ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೊದಲನೆಯದು ಹೋದ ಮೇಲೆ ಅವಳು ನಕ್ಕದ್ದನ್ನು ನಾನು ಕೇಳಿದ್ದು ಅವತ್ತೇ. ನನ್ನನ್ನು ಒಂದು ಕಡೆಯಿಂದ ಎತ್ತುತ್ತಲೇ ಇನ್ನೊಂದು ಕಡೆಯಿಂದ ಕೂಸನ್ನು ಮಲಗಿಸಿದರು. ಗಂಗವ್ವ ಎಂದು ಹೆಸರಿಟ್ಟರು.

ಗಂಗವ್ವ ಉಳಿದಳು. ಆ ಮನೆ ಉಳಿಯಲಿಲ್ಲ. ಅಪ್ಪ, ಅವ್ವ, ಗೌರವ್ವ ಒಬ್ಬೊಬ್ಬರಾಗಿ ಹೋದರು. ಅದಕ್ಕೂ ಮೊದಲೇ, ಗಂಗವ್ವ ನಡೆಯಲು ಕಲಿಯುವ ಹೊತ್ತಿಗೆ, ಸೇತುವೆ ಬಂದು ದೋಣಿಯ ಹಲಗೆಗಳು ದನದ ಕೊಟ್ಟಿಗೆ ಸೇರಿದ್ದವು. ಸೇತುವೆಯ ಮೇಲಿನ ಮೊದಲ ಬಸ್ಸಿಗೆ ನಾವೆಲ್ಲ ಹತ್ತಿದ್ದೆವು. ಮಂದಿ ಚಪ್ಪಾಳೆ ತಟ್ಟಿದರು. ಅಪ್ಪ ಕಿಟಕಿಯಿಂದ ಕೆಳಗಿನ ನೀರು ನೋಡಿದ.

"ಒಟ್ಟ ತೂಗವಲ್ದಲ್ಲಬೇ ಈ ಬಸ್ಸು," ಎಂದ ನನಗೆ.

ಗಂಗವ್ವ ಅವನ ತೊಡೆಯ ಮೇಲಿದ್ದಳು. ಆಚೆ ದಡ ಬರುವತನಕ ಮೊಣಕಾಲು ಆಡಿಸಿ ಆಡಿಸಿ ಅವಳನ್ನು ತಾನೇ ತೂಗಿದ.