ಸ್ನಾನದ ಕೋಣೆಯಲ್ಲಿ ಹಳೇ ಪಠ್ಯಕ್ರಮ

ಬೆಳಗಿನ ಆರೂಕಾಲು. ಅಮೆರಿಕದ ಟೊಲಿಡೊ ಊರಿನ ಈ ಕಮ್ಯುನಿಟಿ ಕಾಲೇಜಿನ ಪಾರ್ಕಿಂಗಿನಲ್ಲಿ ಇನ್ನೂ ಒಂದೇ ಕಾರು. ಅದರ ಒಡತಿ ವರ್ನೆಟ್ ಪ್ರೂಯಿಟ್ ಒಂದು ಕೈಯಲ್ಲಿ ಕಾಫಿ, ಇನ್ನೊಂದರಲ್ಲಿ ಟಾರ್ಚು ಹಿಡಿದು ಹಳೇ ಜಿಮ್ಮಿನ ಸ್ನಾನದ ಕೋಣೆಗೆ ನುಗ್ಗುತ್ತಿದ್ದಾರೆ. ಸ್ನಾನಕ್ಕಲ್ಲ! ಎಷ್ಟೋ ವರ್ಷದಿಂದ ನೀರು ಕಾಣದ ಆ ಶವರುಗಳ ಕೆಳಗೆ ರಟ್ಟಿನ ಪೆಟ್ಟಿಗೆಗಳ ಸಾಲಿದೆ. ಒಳಗೆ ಹತ್ತೊಂಬತ್ತು ವರ್ಷದ ಪಠ್ಯಕ್ರಮಗಳು.

"ಎಲ್ಲಾ ಕಂಪ್ಯೂಟರಲ್ಲಿದೆ, ಇವನ್ನ ಎಸೀರಿ ಅಂದ್ರು ಡೀನು. ಆಯ್ತು ಸಾರ್ ಅಂದೆ. ಇಲ್ಲಿಗೆ ಎಸ್ದೆ," ಎಂದು ಕಿಸಕ್ಕನೆ ನಗುತ್ತಾರೆ.

ಇವತ್ತು ಬೇಕಿರುವುದು ಒಂದೇ ಪಠ್ಯಕ್ರಮ, ಅದು ಮಾತ್ರ ಕಂಪ್ಯೂಟರಿನಲ್ಲಿಲ್ಲ. ವೃದ್ಧಾಶ್ರಮದಲ್ಲಿ ದುಡಿಯುವ ಮರಿಬೆಲ್ ಒಕಾಂಪೊ ಇಲ್ಲಿನ ಎರಡು ವರ್ಷದ ಅಸೋಸಿಯೇಟ್ ಡಿಗ್ರಿಯನ್ನು ಏಳು ವರ್ಷ ಎಳೆದು ಮುಗಿಸಿದ್ದಾಳೆ. ಇನ್ನೆರಡು ವರ್ಷ ಯೂನಿವರ್ಸಿಟಿಯಲ್ಲಿ ಓದಿದರೆ ನರ್ಸಿಂಗ್ ಪದವಿ. ಸೀಟೂ ಸಿಕ್ಕಿದೆ. ಆದರೆ ಮೊದಲ ವರ್ಷ ಓದಿದ ಅಂಗರಚನಾಶಾಸ್ತ್ರಕ್ಕೆ ಲ್ಯಾಬ್ ಇತ್ತೆಂದು ಯೂನಿವರ್ಸಿಟಿಯವರು ನಂಬುತ್ತಿಲ್ಲ. ಮಧ್ಯಾಹ್ನ ಹನ್ನೆರಡರೊಳಗೆ ಆ ವರ್ಷದ್ದೇ ಪಠ್ಯಕ್ರಮ ತೋರಿಸದಿದ್ದರೆ ಸೀಟು ಇನ್ನೊಬ್ಬರಿಗೆ. ಅದೇ ಪಾಠ ಮತ್ತೆ ಓದಿ, ಮತ್ತೊಂದು ವರ್ಷ ಕಾಯಬೇಕು.

ಎಂಟಕ್ಕೆಲ್ಲ ಮರಿಬೆಲ್ ಯೂನಿಫಾರ್ಮಿನಲ್ಲೇ ವರ್ನೆಟ್ ಅವರ ಕೌಂಟರಿಗೆ ಓಡಿ ಬರುತ್ತಾಳೆ.

"ಲ್ಯಾಬಲ್ಲಿ ಬೆಕ್ಕು ಕೊಯ್ದಿದೀನಿ ಮಿಸ್ ವರ್ನೆಟ್! ಇಡೀ ಟರ್ಮು ಕೈ ನಾರ್ತಿತ್ತು. ಇನ್ನೇನ್ ಸಾಕ್ಷಿ ಬೇಕಂತೆ?"

"ನಾತಾನ ಸ್ಕ್ಯಾನ್ ಮಾಡಕ್ಕಾಗಲ್ಲ ಚಿನ್ನ. ಕೂತ್ಕೋ."

ದಿನಕ್ಕೆ ಮೂವತ್ತು ಜನ ಈ ಕೌಂಟರಿಗೆ ಬರುತ್ತಾರೆ, ನಲವತ್ತು ಇಮೇಲುಗಳು ಬೇರೆ. ಇಲ್ಲಿನ ಯಾವ ಕೋರ್ಸು ಯೂನಿವರ್ಸಿಟಿಯ ಯಾವುದಕ್ಕೆ ಸಮ ಎಂದು ಹೊಂದಿಸುವುದೇ ವರ್ನೆಟ್ ಅವರ ಕೆಲಸ. ಪದವಿ ಸಮಾರಂಭದಲ್ಲಿ ಇವರ ಹೆಸರು ಯಾರೂ ಹೇಳುವುದಿಲ್ಲ. ಇಪ್ಪತ್ತೆರಡನೇ ವಯಸ್ಸಿನಲ್ಲಿ ವರ್ನೆಟ್ ಕೂಡ ಹೀಗೇ ಯೂನಿವರ್ಸಿಟಿಗೆ ಹೊರಟಿದ್ದರು.

"ಐದು ಕೋರ್ಸು ಒಪ್ಪಲ್ಲ ಅಂದ್ರು. ಕೈಗೂಸು ಇತ್ತು, ಮತ್ತೆ ಓದೋಷ್ಟು ಪುರುಸೊತ್ತೆಲ್ಲಿ? ಬಿಟ್ಬಿಟ್ಟೆ."

ಒಂಬತ್ತೂವರೆಗೆ ಆ ವರ್ಷದ ಪೆಟ್ಟಿಗೆ ಪೂರ್ತಿ ಖಾಲಿಯಾಗಿ, ಹಾಳೆಗಳು ಮೇಜಿನ ಮೇಲೆ ಹರಡಿವೆ. ಅಂಗರಚನೆಯ ಪ್ರೊಫೆಸರ್ ಹೆಸರಿನ ಫೈಲಿನಲ್ಲಿ ಏನೂ ಇಲ್ಲ. ಮರಿಬೆಲ್ ಉಗುರು ಕಚ್ಚುತ್ತಿದ್ದಾಳೆ.

"ನಿಂಗೆ ಪಾಠ ಮಾಡಿದ್ದು ಹೆಂಗಸೇ ತಾನೆ?"

"ಅಲ್ವಲ್ಲ, ಉದ್ದ ಗಡ್ಡದೋರು."

"ಅಯ್ಯೋ ಪೆದ್ದಿ, ಮೊದ್ಲೇ ಬೊಗಳಬಾರದಾ! ಆ ಟರ್ಮು ಮೇಡಂಗೆ ಹೆರಿಗೆ ರಜೆ."

ವರ್ನೆಟ್ ಬದಲಿ ಮೇಷ್ಟ್ರುಗಳ ಫೈಲು ಎಳೆಯುತ್ತಾರೆ. ಮೂರನೇ ಹಾಳೆಯಲ್ಲೇ ಇದೆ: ವಾರಕ್ಕೆ ಮೂರು ಗಂಟೆ ಲ್ಯಾಬ್, ಬೆಕ್ಕಿನ ಸಮೇತ.

ಹತ್ತಕ್ಕೆ ಸ್ಕ್ಯಾನ್ ಯೂನಿವರ್ಸಿಟಿಗೆ ಹೋಗುತ್ತದೆ. ಹನ್ನೊಂದಾದರೂ ಸದ್ದಿಲ್ಲ. ವರ್ನೆಟ್ ಫೋನು ಎತ್ತಿ ಆ ಕಡೆಯವರಿಗೆ ಒಂದೊಂದೇ ಸಾಲು ಓದಿ ಹೇಳುತ್ತಾರೆ. ಹನ್ನೊಂದೂ ನಲವತ್ತಕ್ಕೆ ಉತ್ತರ: ಒಪ್ಪಲಾಗಿದೆ.

ಮರಿಬೆಲ್ ಗೊಳೋ ಎಂದು ಅಳುತ್ತಾಳೆ.

"ಅಳೋದು ಆಮೇಲೆ. ಸೀಟು ಬೇಕು ಅಂತ ಮೊದ್ಲು ಒತ್ತು," ಎಂದು ಕೀಬೋರ್ಡನ್ನು ಅವಳ ಕಡೆ ತಳ್ಳುತ್ತಾರೆ ವರ್ನೆಟ್.

ಇನ್ನೆರಡು ವರ್ಷಕ್ಕೆ ಇವರಿಗೆ ನಿವೃತ್ತಿ. ಏನಾದರೂ ಆಸೆ ಇದೆಯೇ ಎಂದರೆ ಹರಡಿದ ಹಾಳೆಗಳನ್ನು ಜೋಡಿಸುತ್ತಲೇ ಹೇಳುತ್ತಾರೆ:

"ನನ್ ಜಾಗಕ್ಕೆ ಬರೋರು ಇವನ್ನ ಎಸೀಬೇಕು ಅಂದ್ರೆ ಎಸೀಲಿ ಬಿಡಪ್ಪ. ಅದಕ್ಕೂ ಮುಂಚೆ ಒಂದೇ ಒಂದು ಬೆಳಗ್ಗೆ ಈ ಕುರ್ಚೀಲಿ ಕೂತು ನೋಡ್ಲಿ."