ಬರ್ತೀನಿ ಅನ್ನಬಾರದ ಜಾಗ

ಜೈಲಿನ ಭೇಟಿಯ ಸಾಲಿನಲ್ಲಿ ನನ್ನ ಮುಂದೆ ನಿಲ್ಲುತ್ತಿದ್ದವರು ಹತ್ತಿರದ ಶಹಾಡ್ ಊರಿನಿಂದ ಬರುತ್ತಿದ್ದ ಕಲಬುರಗಿ ಕಡೆಯ ಒಬ್ಬ ತಾಯಿ. ಅವರ ಮಗನೂ ನನ್ನ ತಮ್ಮನೂ ಒಳಗಿದ್ದರು. ಮೊದಲ ದಿನ ನಾನು ಅಳುವುದನ್ನು ಕಂಡು ಸೆರಗಿನಿಂದಲೇ ನನ್ನ ಮುಖ ಒರೆಸಿದರು.

"ಅಳೂದೆಲ್ಲಾ ಇಲ್ಲೇ ಅತ್ತು ಮುಗಿಸವ್ವ. ಒಳಗ ಉಂಡ್ಯಾ, ಮಕ್ಕೊಂಡ್ಯಾ, ಇಷ್ಟೇ ಕೇಳು. ಹೊಂಟಾಗ 'ಬರ್ತೀನಿ' ಅನಬ್ಯಾಡ. ಇದು ತಿರುಗಿ ಬರೂ ಜಾಗ ಅಲ್ಲ. 'ಹೋಗ್ತೀನಿ' ಅನ್ನು."

ಹೊಸಬರಿಗೆಲ್ಲ ಇದನ್ನೇ ಹೇಳುತ್ತಿದ್ದರು.

ಒಂದು ಸೋಮವಾರ ಜಾಲರಿಯಾಚೆ ನನ್ನ ತಮ್ಮ ಬಂದ. ಅವರ ಮಗ ಬರಲಿಲ್ಲ. ಏಕೆಂದು ಯಾರೂ ಹೇಳಲಿಲ್ಲ. ನಾನು ತಮ್ಮನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಟೈಮ್ ಸಂಪಲಾ, ಚಲಾ!" ಎಂದು ಸಿಪಾಯಿ ಮರಾಠಿಯಲ್ಲಿ ಗದರಿದ. ಭೇಟಿಯ ಹೊತ್ತು ಮುಗಿದಿತ್ತು.

ಆ ತಾಯಿ ಜಾಲರಿಗೆ ಹಣೆಯೊತ್ತಿ ಆಚೆಯ ಖಾಲಿ ಜಾಗಕ್ಕೆ ಕೂಗಿದರು: "ಬರ್ತೀನೋ ಯಪ್ಪಾ! ನಾಳಿ ಬರ್ತೀನಿ!"