ಎರಡು ಸಲ ಬೀಸಿದ ಹಿಟ್ಟು

ವನಜಾಕ್ಷಿಯ ಮನೆಯಲ್ಲಿ ರಾಗಿ ಹಿಟ್ಟು ಮುಗಿದದ್ದೇ ಇಲ್ಲ. ಆದರೂ ದಿನಾ ಸಂಜೆ ಏಳಕ್ಕೆ ಮುಂಚೆ ಸ್ಟೀಲ್ ಡಬ್ಬ ಸೊಂಟಕ್ಕಿಟ್ಟುಕೊಂಡು ಅವಳು ಮಿಲ್ಲಿಗೆ ಹೊರಡುತ್ತಿದ್ದಳು. ಡಬ್ಬದೊಳಗೆ ಮುಕ್ಕಾಲು ಪಾಲು ನಿನ್ನೆ ಬೀಸಿಸಿದ ಹಿಟ್ಟೇ, ಮೇಲೆ ನಾಲ್ಕು ಹಿಡಿ ರಾಗಿ. ಯಾರಾದರೂ ಮುಚ್ಚಳ ತೆಗೆದರೆ ರಾಗಿ ಕಾಣಬೇಕು, ಅಷ್ಟೇ.

ಶಿರಾ ಊರು ಬೆಳೆದು ಬೆಳೆದು ಹೆದ್ದಾರಿಯ ಪಕ್ಕಕ್ಕೆ ಬಂದು ಕೂತಾಗ ಹುಟ್ಟಿದ ಬಡಾವಣೆ ಅವರದು. ಮಿಲ್ಲು ಬಡಾವಣೆಯ ಕೊನೆಗಿದೆ. ಅಲ್ಲಿಂದ ಸರ್ವೀಸ್ ರಸ್ತೆಯಲ್ಲಿ ಹತ್ತು ನಿಮಿಷ ನಡೆದರೆ ಹೆದ್ದಾರಿಯ ಸೇತುವೆ. ಒಂದು ಕಡೆ ಬಾಗಿಲು ಹಾಕಿದ ಡಾಬಾ, ಇನ್ನೊಂದು ಕಡೆ ಆಳೆತ್ತರದ ಬಳ್ಳಾರಿ ಜಾಲಿ. ಒಂದೂ ದೀಪವಿಲ್ಲ. ತುಮಕೂರಿನಿಂದ ಬರುವ ಸಂಜೆಯ ಬಸ್ಸು ಊರೊಳಗೆ ಬರದೆ ಆ ಸೇತುವೆಯ ಬಳಿ ಇಳಿಸಿ ಹೋಗಿಬಿಡುತ್ತದೆ. ಮಗಳು ಹರ್ಷಿತಾ ಇಳಿಯುತ್ತಿದ್ದದ್ದು ಅಲ್ಲೇ.

ಇದು ಗಂಡ ರಂಗೇಶನಿಗೆ ಗೊತ್ತಿರಲಿಲ್ಲ. ಪೈಪು, ಮೋಟರು ಮಾರುವ ಅಂಗಡಿ ಅವನದು. ಮನೆಗೆ ಬರುವುದು ಒಂಬತ್ತಕ್ಕೆ. ಮಗಳು ನಾಲ್ಕೂವರೆಯ ಬಸ್ಸು ಹಿಡಿದು ಊರೊಳಗಿನ ನಿಲ್ದಾಣದಲ್ಲಿ ಇಳಿದು, ಬೆಳಕಿರುವಾಗಲೇ ಮನೆ ಸೇರುತ್ತಾಳೆ ಎಂದುಕೊಂಡಿದ್ದ. ಬಿಎಸ್ಸಿಯ ಲ್ಯಾಬ್ ಮುಗಿಯುವುದೇ ಐದೂವರೆಗೆ ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ಕಾಲೇಜಿಗೆ ಸೇರಿಸಿದ ದಿನವೇ ಅವನು ಷರತ್ತು ಹಾಕಿದ್ದ: ಕತ್ತಲಾಗುವ ಮುಂಚೆ ಮನೆಯಲ್ಲಿರಬೇಕು, ಒಂದೇ ಒಂದು ಮಾತು ಕಿವಿಗೆ ಬಿದ್ದರೂ ಓದು ಅಲ್ಲಿಗೆ ಸಾಕು.

ಅವನು ಹಾಗೇ ಮಾಡುತ್ತಾನೆಂದು ವನಜಾಕ್ಷಿಗೆ ಗೊತ್ತಿತ್ತು. ತವರಾದ ತಾವರೆಕೆರೆಯಿಂದ ಶಿರಾಕ್ಕೆ ಅವಳೂ ಒಂದು ವರ್ಷ ಪಿಯುಸಿಗೆ ಓಡಾಡಿದವಳೇ. ಬಸ್ಸಿನಲ್ಲಿ ಒಬ್ಬ ದಿನಾ ಒತ್ತಿಕೊಂಡು ನಿಲ್ಲುತ್ತಾನೆ ಎಂದು ಅವ್ವನಿಗೆ ಹೇಳಿದಳು. ಅವ್ವ ಅಪ್ಪನಿಗೆ ಹೇಳಿದಳು. ಮರುದಿನ ಪುಸ್ತಕಗಳು ಅಟ್ಟಕ್ಕೆ ಹೋದವು, ಇವಳು ಕಡಲೆಕಾಯಿ ಬಿಡಿಸಲು ಕೂತಳು, ಎಂಟು ತಿಂಗಳಿಗೆ ಮದುವೆಯಾಯಿತು. ಆ ಮನುಷ್ಯ ಮಾತ್ರ ಆಮೇಲೂ ಅದೇ ಬಸ್ಸಿನಲ್ಲಿ ಓಡಾಡಿಕೊಂಡೇ ಇದ್ದ.

ಹಾಗಾಗಿ ದೀಪಾವಳಿ ಕಳೆದ ವಾರ ಹರ್ಷಿತಾ ಬಚ್ಚಲುಮನೆಯ ಬಾಗಿಲಲ್ಲಿ ನಿಂತು, ಲೈಟು ಆರಿಸಿಕೊಂಡ ಬೈಕೊಂದು ಸೇತುವೆಯಿಂದ ಮಿಲ್ಲಿನವರೆಗೂ ತನ್ನ ಹಿಂದೆಯೇ ನಿಧಾನವಾಗಿ ಬಂತು ಎಂದಾಗ, ತಾಯಿ ಕೇಳಿದ ಮೊದಲ ಮಾತು ‘ಯಾರಿಗಾದ್ರೂ ಹೇಳಿದ್ಯಾ’ ಎಂದು. ಮಾರನೆಯ ಸಂಜೆಯಿಂದ ರಾಗಿ ಡಬ್ಬ ಹೊರಟಿತು. ಬಸ್ಸು ಕಳ್ಳಂಬೆಳ್ಳ ದಾಟಿದಾಗ ಹರ್ಷಿತಾ ಒಂದು ಮಿಸ್ಡ್ ಕಾಲ್ ಕೊಡುತ್ತಾಳೆ. ಅಲ್ಲಿಂದ ಇಪ್ಪತ್ತು ನಿಮಿಷ. ಅಷ್ಟರಲ್ಲಿ ವನಜಾಕ್ಷಿ ಒಲೆ ಆರಿಸಿ, ಡಬ್ಬವನ್ನು ಮಿಲ್ಲಿನಲ್ಲಿ ಇಳಿಸಿ, ಸೇತುವೆ ಮುಟ್ಟಿರಬೇಕು. ಮಿಲ್ಲಿನ ಪುಟ್ಟಕ್ಕ ಹಿಟ್ಟನ್ನೂ ರಾಗಿಯನ್ನೂ ಒಟ್ಟಿಗೇ ಮಷೀನಿಗೆ ಸುರಿದು, ಒಂದು ಮಾತೂ ಕೇಳದೆ ಇವರು ಬರುವವರೆಗೆ ಬಾಗಿಲು ತೆರೆದಿಟ್ಟಿರುತ್ತಿದ್ದಳು.

ಅತ್ತೆ ನರಸಮ್ಮನದೇ ಹೆದರಿಕೆ, ಮಗನ ಕಿವಿಗೆ ಹಾಕಿಬಿಟ್ಟರೆ? ಮಂಡಿ ನೋವಿನ ಮುದುಕಿ, ಮಾತು ಕಡಿಮೆ, ಕಣ್ಣು ಚುರುಕು. ಒಂದು ದಿನ ಮುದ್ದೆ ಕಟ್ಟುವಾಗ ಹಿಟ್ಟು ಅಂಗೈಗೆ ಅಂಟಿಕೊಂಡಿತು. ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ನೋಡಿ, ಸೊಸೆಯ ಮುಖವನ್ನೂ ನೋಡಿ, ಸುಮ್ಮನೆ ಕೈ ತೊಳೆದುಕೊಂಡಳು. ಆ ಸುಮ್ಮನಿರುವಿಕೆ ವನಜಾಕ್ಷಿಯನ್ನು ರಾತ್ರಿಯೆಲ್ಲ ಮಲಗಗೊಡಲಿಲ್ಲ.

ಬಡಾವಣೆಯ ನಾಗರಿಕರ ಸಭೆ ನಡೆದದ್ದು ಅದರ ಮುಂದಿನ ಗುರುವಾರ. ಬಸ್ಸು ಎಲ್ಲಿ ನಿಲ್ಲಬೇಕು, ಚರಂಡಿ ಯಾವಾಗ ಆಗಬೇಕು ಎಂದು ಮೇಲಿನವರೊಬ್ಬರ ಮುಂದೆ ಹೇಳಿಕೊಳ್ಳುವ ಸಭೆ. ನಾಲ್ಕಕ್ಕೆ ಎಂದಿದ್ದರು. ಅಧಿಕಾರಿ ಬಂದದ್ದು ಆರಕ್ಕೆ. ಸಮುದಾಯ ಭವನದ ಮುಂದಿನ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಗಂಡಸರು. ಹಿಂದಿನ ಕೋಣೆಯಲ್ಲಿ ಮಧ್ಯಾಹ್ನದಿಂದ ಈರುಳ್ಳಿ ಹೆಚ್ಚಿ, ಉಪ್ಪಿಟ್ಟು ಕೇಸರಿಬಾತು ಮಾಡಿ, ಎರಡು ಸಲ ಟೀ ಕೊಟ್ಟ ಆರು ಜನ ಹೆಂಗಸರು. ನರಸಮ್ಮನೂ ಗೋಡೆಗೆ ಒರಗಿ ಕೊತ್ತಂಬರಿ ಸೋಸುತ್ತಿದ್ದಳು.

ಮಾತು ಬಿಸಿಯಾಗಿತ್ತು. ಪ್ರತಿಯೊಬ್ಬನಿಗೂ ಬಸ್ ಸ್ಟಾಪು ತನ್ನ ಅಂಗಡಿಯ ಎದುರಿಗೇ ಬೇಕಿತ್ತು. ಒಬ್ಬರು ರಸ್ತೆಗೆ ಹಂಪು ಹಾಕಿಸಿ ಎಂದರೆ ಇನ್ನೊಬ್ಬರು ಕಾರಿನ ಹೊಟ್ಟೆ ತರಚುತ್ತದೆ ಎಂದರು. ಹಂದಿಗಳ ವಿಷಯ ಅರ್ಧ ಗಂಟೆ ನಡೆಯಿತು. ಸರ್ವೀಸ್ ರಸ್ತೆಯ ಕತ್ತಲಿನ ಮಾತು ಯಾರೋ ಎತ್ತಿದಾಗ ಮಾತ್ರ ದನಿಗಳು ತಗ್ಗಿದವು. ಏರಿಯಾ ಸರಿಯಿಲ್ಲ ಅಂತ ಹೆಸರು ಬಂದರೆ ಸೈಟುಗಳನ್ನು ಕೇಳುವವರಿರುವುದಿಲ್ಲ ಎಂದು ಅಧ್ಯಕ್ಷರ ಕುರ್ಚಿಯಲ್ಲಿದ್ದ ನಿವೃತ್ತ ಮೇಷ್ಟ್ರು ಕದರಪ್ಪನವರು ಮೆಲ್ಲಗೆ ಎಚ್ಚರಿಸಿದರು. ರಂಗೇಶ ಎದ್ದು ನಿಂತ.

“ನಮ್ ಏರಿಯಾ ಸೇಫು ಸಾರ್. ನಮ್ ಹೆಣ್ಮಕ್ಳು ಆರಾಮಾಗಿ ಓಡಾಡ್ತಾವೆ.”

ಅಧಿಕಾರಿ ಪೆನ್ನಿನ ಕ್ಯಾಪು ಹಾಕಿಕೊಂಡರು. “ಅಂಗಾದ್ರೆ ಲೈಟ್ ಕಂಬಕ್ಕೆ ಏನಂತ ಕಾರಣ ಬರೀಲಿ? ಸಂಜೆ ಬಸ್ಸು ಊರೊಳಗೆ ಬರ್ಲಿ ಅಂತ ಏನಂತ ಕೇಳ್ಲಿ? ಅಲ್ಲಿ ಏನಾದ್ರೂ ಆಗೈತಾ? ಒಬ್ರಾದ್ರೂ ದೂರು ಕೊಟ್ಟವ್ರಾ?”

ಟೀ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ವನಜಾಕ್ಷಿಯ ಸೊಂಟದಲ್ಲಿ ಫೋನು ಎರಡು ಸಲ ನಡುಗಿ ನಿಂತಿತು.

ಕಳ್ಳಂಬೆಳ್ಳ.

ಗೋಡೆಯ ಗಡಿಯಾರದಲ್ಲಿ ಆರು ಐವತ್ತು. ಈಗ ಹೊರಟರೆ ಸರಿಹೋಗುತ್ತದೆ. ಆದರೆ ಈಗ ಬಾಯಿ ಬಿಡದಿದ್ದರೆ ಆ ಪೆನ್ನಿನ ಕ್ಯಾಪು ಮತ್ತೆ ತೆರೆಯುವುದಿಲ್ಲ, ಮಗಳ ಓದು ಮುಗಿಯುವ ಇನ್ನೂ ಎರಡು ವರ್ಷ ಅದೇ ಕತ್ತಲು. ಹೇಳಿದರೆ ನಾಳೆಯಿಂದ ಮಗಳ ಪುಸ್ತಕ ಅಟ್ಟಕ್ಕೆ. ತಟ್ಟೆ ಹಿಡಿದುಕೊಂಡೇ ಅವಳು ಹೊಸ್ತಿಲು ದಾಟಿ ಮುಂದಿನ ಕೋಣೆಗೆ ಬಂದಳು.

“ಆಗೈತೆ ಸಾರ್,” ಎಂದಳು. “ನಂಗೇ ಆಗೈತೆ. ಮಿಲ್ಲಿಗೆ ಹೋದಾಗ. ಲೈಟು ಆರಿಸ್ಕಂಡು ಒಂದು ಬೈಕು, ಹಿಂದೇನೆ ಬತ್ತದೆ. ನಿಂತ್ರೆ ನಿಲ್ತದೆ. ನಡೆದ್ರೆ ಬತ್ತದೆ.”

ಕುರ್ಚಿಗಳೆಲ್ಲ ಕಿರುಗುಟ್ಟಿದವು. ರಂಗೇಶ ಹೆಂಡತಿಯನ್ನು ನೋಡಿದ ನೋಟದಲ್ಲಿ ಗಾಬರಿಗಿಂತ ಅವಮಾನವೇ ಹೆಚ್ಚಿತ್ತು. ಅಧಿಕಾರಿ ಕ್ಯಾಪು ತೆಗೆದು ಬರೆದುಕೊಂಡರು. ಒಂದು ಕಂಬಕ್ಕೆ ಶಿಫಾರಸು ಮಾಡ್ತೀನಿ, ಮೂರು ತಿಂಗಳು ಹಿಡೀತದೆ, ಬಸ್ಸಿನದು ಆಮೇಲೆ ನೋಡೋಣ ಎಂದರು. ವನಜಾಕ್ಷಿ ಉಸಿರು ಬಿಟ್ಟಳು. ಮಗಳ ಹೆಸರು ಎಲ್ಲೂ ಬರಲಿಲ್ಲ.

ಆದರೆ ರಂಗೇಶ ಕೂತಿರಲಿಲ್ಲ. ನಾಲ್ಕು ಜನರ ಮುಂದೆ ಹೋದ ಮಾನವನ್ನು ಆ ನಾಲ್ಕು ಜನರ ಮುಂದೆಯೇ ವಾಪಸು ತರಬೇಕಿತ್ತು ಅವನಿಗೆ.

“ಇನ್ನೊಂದು ಬರ್ಕಳಿ ಸಾರ್. ಇವತ್ತಿಂದ ನಮ್ಮನೆಯೋಳು ಸಂಜೆ ಮೇಲೆ ಆ ಕಡೆ ಕಾಲಿಡಲ್ಲ. ಹಿಟ್ಟು ಬೇಕಂದ್ರೆ ಬೆಳಿಗ್ಗೆ ಬೀಸಿಸ್ತಾಳೆ.”

ಒಳ್ಳೆಯ ಮಾತು ಎಂದರು ಕದರಪ್ಪನವರು. ಆರರ ನಂತರ ಹೆಂಗಸರು ಸರ್ವೀಸ್ ರಸ್ತೆಯಲ್ಲಿ ಓಡಾಡದಂತೆ ಮನೆಮನೆಗೆ ತಿಳಿಸುವುದೆಂದು ಸಭೆ ಒಮ್ಮತದಿಂದ ತೀರ್ಮಾನಿಸಿತು. ಆ ದಿನ ಎಲ್ಲರೂ ಒಪ್ಪಿದ ತೀರ್ಮಾನ ಅದೊಂದೇ.

ಆರು ಐವತ್ತೆಂಟು. ವನಜಾಕ್ಷಿ ತಟ್ಟೆ ಕೆಳಗಿಟ್ಟು ಹಿಂಬಾಗಿಲ ಕಡೆ ನಡೆದಳು. ಎಲ್ಲಿಗೆ ಎಂದು ಕೇಳಿದ ರಂಗೇಶ, ಅವಳ ಹಿಂದೆಯೇ ಬಂದು ಬಾಗಿಲಿಗೆ ಅಡ್ಡ ನಿಂತಿದ್ದ. ಲೋಟ ತೊಳೆದಿಲ್ಲ, ಸಾಹೇಬರಿಗೆ ಇನ್ನೊಂದು ಟೀ ಆಗಬೇಕು, ಮನೆಯ ಮರ್ಯಾದೆ ಸಾಕಷ್ಟು ಹೋಗಿದೆ ಎಂದು ಹಲ್ಲು ಕಚ್ಚಿಕೊಂಡು ಹೇಳಿದ. ಅವಳಿಗೆ ಅದಾವುದೂ ಕೇಳಿಸುತ್ತಿರಲಿಲ್ಲ. ಸೇತುವೆಯ ಬಳಿ ಬಸ್ಸಿನ ಬಾಗಿಲು ತೆರೆದು ಮುಚ್ಚುವುದು, ಕೆಂಪು ದೀಪ ದೂರವಾಗುವುದು, ಮಗಳು ಎಡಕ್ಕೆ ನೋಡಿ ಅಮ್ಮ ಇಲ್ಲದ್ದನ್ನು ಕಾಣುವುದು ಮಾತ್ರ ಕಾಣುತ್ತಿತ್ತು. ನಿಜ ಹೇಳಲು ಬಾಯಿ ತೆರೆದಳು.

ಅಷ್ಟರಲ್ಲಿ ನರಸಮ್ಮ ಗೋಡೆ ಹಿಡಿದು ಎದ್ದಳು. ಸೆರಗಿನ ಮೇಲಿನ ಕೊತ್ತಂಬರಿ ಕಡ್ಡಿ ಕೊಡವಿಕೊಂಡಳು.

“ಮನೇಲಿ ರಾಗಿ ಡಬ್ಬ ತುಂಬಿ ಇಕ್ಕೈತೆ. ನಾನು ಬೀಸಿಸ್ಕಂಡ್ ಬತ್ತೀನಿ.”

“ನಿಂಗ್ಯಾಕವ್ವ? ಮಂಡಿ ಬ್ಯಾರೆ ನೋವು. ಈಗ ತಾನೆ ಏನ್ ತೀರ್ಮಾನ ಆಯ್ತು?”

“ಅದು ಹೆಂಗಸ್ರಿಗೆ ಅಂದ್ರಲ್ಲ. ಈ ಮುದುಕಿ ಹಿಂದೆ ಯಾವನ್ ಬತ್ತಾನ್ಲಾ?”

ಮುಂದಿನ ಕೋಣೆಯವರೆಗೂ ನಗು ಎದ್ದಿತು. ರಂಗೇಶನೂ ನಕ್ಕು ದಾರಿ ಬಿಟ್ಟ. ಹೋಗುತ್ತಾ ನರಸಮ್ಮ ಸೊಸೆಯ ಮುಂಗೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಳು.

ವನಜಾಕ್ಷಿ ನಲವತ್ತೆರಡು ಲೋಟ ತೊಳೆದಳು. ಅತ್ತೆ ಮನೆ ಮುಟ್ಟಿರಬಹುದು. ಡಬ್ಬ ಎತ್ತಿರಬಹುದು. ಆ ಮಂಡಿಯಲ್ಲಿ ಮಿಲ್ಲಿಗೆ ಎಷ್ಟು ಹೊತ್ತು, ಅಲ್ಲಿಂದ ಸೇತುವೆಗೆ ಎಷ್ಟು ಹೊತ್ತು? ಏಳು ಹತ್ತಾಯಿತು. ಏಳೂ ಮುಕ್ಕಾಲಾಯಿತು. ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದೀಯಲ್ಲ ಎಂದು ಪಕ್ಕದವಳು ಕೇಳಿದಾಗ, ಸೆರಗಿಗೆ ಕೈ ಒರೆಸಿಕೊಂಡು ಮನೆಗೆ ಓಡಿದಳು.

ಇಬ್ಬರೂ ಅಡುಗೆಮನೆಯಲ್ಲಿದ್ದರು. ಹರ್ಷಿತಾ ಬ್ಯಾಗು ಇಳಿಸದೆ ನೆಲದ ಮೇಲೆ ಕೂತಿದ್ದಳು. ನರಸಮ್ಮನ ಸೀರೆಯ ಅಂಚಿಗೆ ಜಾಲಿ ಮುಳ್ಳು ಸಿಕ್ಕಿಕೊಂಡಿತ್ತು.

“ಇತ್ತು ಕಣಮ್ಮ, ಬೈಕು,” ಎಂದಳು ನರಸಮ್ಮ. “ಸೇತುವೆ ಕೆಳಗೆ. ನಾನು ಹೋಗೋವಷ್ಟರಲ್ಲಿ ಮಗಾ ಜಾಲಿ ಮರೆಗೆ ಸೇರ್ಕಂಡಿದ್ಲು. ಈಚೆ ಎಳ್ಕಂಡ್ ಬಂದೆ. ಮಿಲ್ಲಿನ ಗಂಟ ಬಂದ ಅವ್ನು. ಮುದುಕಿ ಅಂತ ಬುಡಲಿಲ್ಲ.”

ವನಜಾಕ್ಷಿ ಮಗಳ ಪಕ್ಕ ಕುಸಿದು ಕೂತಳು. ನರಸಮ್ಮ ಡಬ್ಬದ ಮುಚ್ಚಳ ತೆಗೆದು, ನುಣ್ಣನೆಯ ಹಿಟ್ಟನ್ನು ಬೆರಳಲ್ಲಿ ಉಜ್ಜಿದಳು.

“ನಾಳೀಕೆ ಬರೀ ರಾಗಿ ಹಾಕು. ಎಲ್ಡು ಸಲ ಬೀಸಿದ್ರೆ ಮುದ್ದೆ ಜಿಗಟಾಯ್ತದೆ. ಅರ್ಧ ಡಬ್ಬ ಸಾಕು, ಹೊರೋಳು ನಾನು.”

ಆಗ ಹೊರಗೆ ಬೈಕೊಂದು ನಿಧಾನವಾಗಿ ಬಂದು ಮನೆಯ ಮುಂದೆ ನಿಂತ ಸದ್ದಾಯಿತು. ಮೂವರೂ ಉಸಿರು ಹಿಡಿದರು. ಗೇಟಿನ ಚಿಲಕ ತೆಗೆದ ರೀತಿಯಿಂದ ಅದು ರಂಗೇಶ ಎಂದು ಗೊತ್ತಾಯಿತು. ಆದರೂ ಹರ್ಷಿತಾ ತಾಯಿಯ ಕೈ ಬಿಡಲಿಲ್ಲ. ವನಜಾಕ್ಷಿ ಇನ್ನೊಂದು ಕೈಯಿಂದ ಮೆಲ್ಲಗೆ ಡಬ್ಬದ ಮುಚ್ಚಳ ಮುಚ್ಚಿದಳು.